ಮನೆಗೊಂದು ಮೂಗು

ನಮ್ಮ ಊರಿನಲ್ಲಿ ಹಾಲು ಸೀದರೆ ಮೊದಲು ಗೊತ್ತಾಗುವುದು ಬೀದಿಯವರಿಗೆ. ಮನೆಯೊಳಗೆ ಇದ್ದವರಿಗೆ ಗೊತ್ತಾಗುವುದು ಹೊಗೆ ಕಣ್ಣಿಗೆ ಬಂದ ಮೇಲೆ. ಅದಕ್ಕೇ ದಾರಿಯಲ್ಲಿ ಹೋಗುವವರು, ಸೊಪ್ಪಿನ ಗಾಡಿಯವನಾಗಲಿ ಶಾಲೆ ಬಿಟ್ಟು ಬರುವ ಮೇಷ್ಟರಾಗಲಿ, ಆ ಮನೆಯ ಮುಂದೆ ನಿಂತು "ಹಾಲು ಸೀದೋಯ್ತು!" ಎಂದು ಕೂಗಿ ಮುಂದೆ ಹೋಗುತ್ತಾರೆ. ಕೂಗದೆ ಹೋದವನನ್ನು ಊರು ಬಹಳ ದಿನ ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ಯಾರಿಗೂ ತಮ್ಮ ಮನೆಯ ವಾಸನೆ ಬರುವುದಿಲ್ಲ, ಅಷ್ಟೆ. ಒಗ್ಗರಣೆಯದಾಗಲಿ, ಊದುಬತ್ತಿಯದಾಗಲಿ, ಅಟ್ಟದಲ್ಲಿ ಸತ್ತ ಇಲಿಯದಾಗಲಿ. ಬೀದಿಯಲ್ಲಿ ನಿಂತರೆ ಎದುರು ಮನೆಯ ಹುಳಿ ಘಮಘಮ ಅನ್ನುತ್ತದೆ; ನಮ್ಮ ಕಿಟಕಿಯಿಂದ ಬರುವುದು ಬರೀ ಗಾಳಿ.

ಹಾಗಾಗಿ ಪ್ರತಿ ಮನೆಗೂ ಹೊರಗಿನ ಒಂದು ಮೂಗು ಗೊತ್ತುಮಾಡಿರುತ್ತಾರೆ. ನಮ್ಮ ಮನೆಗೆ ಮೂಗು ಪಕ್ಕದ ಮನೆಯ ಜಲಜಕ್ಕ, ಜಲಜಕ್ಕನ ಮನೆಗೆ ನಾನು. ಅಮಾವಾಸ್ಯೆಯ ಬೆಳಿಗ್ಗೆ ಮೂಗಿನವರು ಬಂದು, ನಡುಮನೆಯಲ್ಲಿ ನಿಂತು, ಉಸಿರೆಳೆದು, ಇದ್ದದ್ದನ್ನು ಹೇಳಬೇಕು. ಚರಂಡಿ ಕಟ್ಟಿದೆ, ಈರುಳ್ಳಿ ಕೊಳೆತಿದೆ, ಗ್ಯಾಸ್ ಸೋರುತ್ತಿದೆ. ಅದನ್ನು ಅವರು ಮಾತ್ರ ಹೇಳಬೇಕು. ಹಾಲು ಮತ್ತು ಗ್ಯಾಸ್ ಬಿಟ್ಟು ಬೇರೆ ಯಾವ ವಾಸನೆಯ ಮಾತನ್ನು ಬೇರೆ ಯಾರು ಎತ್ತಿದರೂ ಅದು ಬೈಗುಳಕ್ಕೆ ಸಮ.

ಮದುವೆಯಾಗಿ ಬಂದ ಹುಡುಗಿಗೆ ಮಾತ್ರ ಗಂಡನ ಮನೆಯ ವಾಸನೆಗಳೆಲ್ಲ ಬರುತ್ತವೆ. ಪಾಪ, ಮೂಗಿಗೆ ಸೆರಗು ಒತ್ತಿಕೊಂಡು ಓಡಾಡುತ್ತಾಳೆ. ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದೆ. ಆ ದಿನ ಅತ್ತೆ ಪಾಯಸ ಮಾಡಿ ಬೀದಿಗೆಲ್ಲ ಹಂಚುತ್ತಾಳೆ. ಮೂಗು ಮರೆತ ಪಾಯಸ ಅಂತಲೇ ಅದರ ಹೆಸರು. ನಮ್ಮ ಮನೆಯವರಿಗೆ ತಾಯಿ ಇರಲಿಲ್ಲವಾದ್ದರಿಂದ ನನ್ನ ಪಾಯಸ ಮಾಡಿದ್ದು ಜಲಜಕ್ಕ. ಆಮೇಲೆ ನನ್ನ ಬಾಣಂತನ ಮಾಡಿದ್ದೂ ಅವಳೇ. ನಾನು ಬಸ್ ಡಿಪೋ ಕ್ಯಾಂಟೀನಿನಲ್ಲಿ ಹಿಟ್ಟು ರುಬ್ಬಲು ಕತ್ತಲಿರುವಾಗಲೇ ಹೊರಟರೆ, ನನ್ನ ಮಗಳು ಇಳಾಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಬಿಡುವುದೂ ಅವಳೇ. ನಮ್ಮ ಮನೆಯವರು ಲಾರಿ ಓಡಿಸುತ್ತಾರೆ. ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು.

ಇಳಾಳಿಗೆ ಕೆಮ್ಮು ಶುರುವಾದಾಗ ಹವೆ ಬದಲಾಗಿದ್ದಕ್ಕೆ ಅಂದುಕೊಂಡೆವು. ಹವೆ ಎರಡು ಸಲ ಬದಲಾಯಿತು, ಕೆಮ್ಮು ಬದಲಾಗಲಿಲ್ಲ. ಮಲಗಿದರೆ ಎದೆಯೊಳಗೆ ಗೊರಗೊರ, ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು. ಶಾಲೆಗೆ ಹೋದ ಮೇಲೆ ಸ್ವಲ್ಪ ಸಲೀಸು, ಮನೆಗೆ ಬಂದು ಊಟ ಮಾಡಿ ಮಲಗಿದರೆ ಮತ್ತೆ ಅದೇ. ಏಳು ವರ್ಷದ ಮಗು ಮೂರು ದಿಂಬು ಪೇರಿಸಿ, ಅಜ್ಜಿಯಂದಿರ ಹಾಗೆ ಒರಗಿ ಕೂತು ನಿದ್ದೆ ಮಾಡುವುದನ್ನು ಕಲಿತಳು.

"ಮನೇಲಿ ಎಲ್ಲೋ ಬೂಷ್ಟು ಹಿಡಿದಿರಬೇಕು," ಅಂದರು ಡಾಕ್ಟರು. "ನಿಮ್ಮ ಮೂಗಿನವರು ಏನಂತಾರೆ?"

"ಏನೂ ಇಲ್ಲ ಅಂತಾರೆ."

"ಹಾಗಾದ್ರೆ ಧೂಳಿರಬಹುದು," ಎಂದು ಔಷಧಿ ಬದಲಾಯಿಸಿದರು. ನಮ್ಮ ಊರಿನಲ್ಲಿ ಮೂಗಿನವರ ಮಾತಿನ ಮೇಲೆ ಡಾಕ್ಟರೂ ಮಾತಾಡುವುದಿಲ್ಲ.

ಒಂದು ಸಂಜೆ ಇಳಾ ಶಾಲೆಯ ಚೀಲವನ್ನು ಬಾಗಿಲ ಹೊರಗೇ ಇಟ್ಟು ಬಂದಳು. "ನಾಳೆಯಿಂದ ನಾನು ಹಿಂದಿನ ಬೆಂಚಲ್ಲಿ ಒಬ್ಳೇ ಕೂರ್ಬೇಕಂತೆ. ನನ್ನ ಚೀಲ ಮುಗ್ಗಲು ವಾಸನೆ ಅಂತೆ. ಮುಗ್ಗಲು ಅಂದ್ರೆ ಏನಮ್ಮ?" ಮಕ್ಕಳಿಗೆ ಊರಿನ ಮರ್ಯಾದೆ ಇನ್ನೂ ಅಂಟಿರುವುದಿಲ್ಲ, ಇದ್ದದ್ದನ್ನು ಹೇಳಿಬಿಡುತ್ತವೆ. ಚೀಲ ತೆಗೆದು ಮೂಗಿಗೆ ಹಿಡಿದೆ. ಬಟ್ಟೆ, ಅಷ್ಟೆ. ಏನೂ ಇಲ್ಲ. ನನ್ನ ಮಗಳನ್ನು ಹಿಂದಿನ ಬೆಂಚಿಗೆ ತಳ್ಳಿದ್ದು ಏನೆಂದು ನನ್ನ ಮೂಗಿಗೇ ಗೊತ್ತಾಗಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ. ಆ ಬೂಷ್ಟು ಎಲ್ಲಿದ್ದರೂ ಹುಡುಕಿ ತೆಗೆಯುವವಳೇ ನಾನು.

ಕಣ್ಣಿನಿಂದ ಹುಡುಕುವ ಜಾಗವನ್ನೆಲ್ಲ ಹುಡುಕಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆ ಎಳೆದು ತೊಳೆದೆ. ಸಿಂಕಿನ ಕೆಳಗೆ ತಲೆ ತೂರಿಸಿ ಪೈಪಿನ ಸುತ್ತ ಬಟ್ಟೆ ಕಟ್ಟಿ, ಒದ್ದೆಯಾಗುತ್ತದೆಯೇ ನೋಡಿದೆ. ಗೋಡೆಗೆ ಅಂಗೈ ಒತ್ತುತ್ತ ಮನೆಯೆಲ್ಲ ಸುತ್ತಿದೆ. ತಣ್ಣಗಿರುವ ಜಾಗಗಳು ಸಿಕ್ಕವು, ಬೂಷ್ಟಿನ ಕಲೆ ಸಿಗಲಿಲ್ಲ. ಆ ವಾರ ನಮ್ಮ ಮನೆಯವರು ಬಂದರು. ಮನೆ ಬಿಟ್ಟು ಅಷ್ಟು ದಿನ ಇರುವ ಮನುಷ್ಯ, ಇವರ ಮೂಗಾದರೂ ಸ್ವಲ್ಪ ತೆರೆದಿರಬಹುದು ಅಂದುಕೊಂಡು ನಡುಮನೆಯಲ್ಲಿ ನಿಲ್ಲಿಸಿ, "ಎಳೀರಿ ಉಸಿರು," ಅಂದೆ. ಎಳೆದರು. ಇನ್ನೊಂದು ಸಲ ಎಳೆದರು.

"ಏನೂ ಬರ್ತಿಲ್ಲ ಕಣೆ."

"ನೆಟ್ಟಗೆ ನೋಡಿ."

"ಇಲ್ಲ ಅಂದ್ನಲ್ಲ. ನಂದೇ ಮನೆ, ನಂಗೆ ಹೇಗೆ ಬರುತ್ತೆ?"

ಮಗಳಿಗೋಸ್ಕರ ಬೇಜಾರಾಗಬೇಕಿತ್ತು, ಆಯಿತು. ಆದರೂ ಎಷ್ಟು ದೂರ ಓಡಾಡಿದರೂ ಈ ಮನೆಯವರಾಗೇ ಉಳಿದಿದ್ದಾರಲ್ಲ ಎಂದು, ಅಡಿಗೆಮನೆಗೆ ಹೋಗಿ ಅವರಿಗೆ ಇನ್ನೊಂದು ಚಪಾತಿ ಜಾಸ್ತಿ ಲಟ್ಟಿಸಿದೆ.

ನಿಜ ಗೊತ್ತಾಗಿದ್ದು ಜಲಜಕ್ಕನ ಅಡಿಗೆಮನೆಯಲ್ಲಿ. ಭಾನುವಾರ ಮಧ್ಯಾಹ್ನ, ಇಬ್ಬರೂ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಒಲೆಯ ಮೇಲೆ ಹಾಲಿಟ್ಟಿದ್ದಳು. ಅವಳು ತನ್ನ ತಮ್ಮನ ಹೆಂಡತಿಯ ಕಥೆ ಹೇಳುತ್ತಿದ್ದಳು, ನಾನು ನಗುತ್ತಿದ್ದೆ. ಆಗ ಬೀದಿಯಿಂದ ಸೊಪ್ಪಿನ ಗಾಡಿಯವನು ಕೂಗಿದ. "ಜಲಜಮ್ಮಾ! ಹಾಲು ಸೀದೋಯ್ತು!"

ಜಲಜಕ್ಕ ಎದ್ದು ಓಡಿದಳು. ಪಾತ್ರೆಯ ತಳ ಕರ್ರಗೆ ಹೊತ್ತಿತ್ತು. ಆರಿಸಿ ತಿರುಗಿದವಳು ನನ್ನ ಮುಖ ನೋಡಿದಳು. ನಾನು ಅವರೆಕಾಯಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ.

"ಪ್ರಭಾ, ನಿಂಗೆ ಬರ್ಲಿಲ್ವಾ?"

"ಇಲ್ಲ ಅಕ್ಕ."

"ನೀನು ಒಲೆ ಪಕ್ಕದಲ್ಲೇ ಕೂತಿದ್ದೆಯಲ್ಲೇ!"

"ಬರ್ಲಿಲ್ಲ ಅಕ್ಕ. ಅವನು ಕೂಗೋ ತನಕ ಗೊತ್ತೇ ಆಗ್ಲಿಲ್ಲ."

ಅವಳು ನಿಧಾನಕ್ಕೆ ಬಂದು ನನ್ನ ಎದುರಿಗೆ ಕುಕ್ಕರಿಸಿದಳು. ಅವಳ ಮನೆಯ ಮೂಗು ನಾನು. ಪ್ರತಿ ಅಮಾವಾಸ್ಯೆ ಬಂದು, ಉಸಿರೆಳೆದು, "ಏನಿಲ್ಲ ಅಕ್ಕ, ಚೆನ್ನಾಗಿದೆ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದವಳು. ಅವಳೂ ನಮ್ಮ ಮನೆಗೆ ಬಂದು ಅದನ್ನೇ ಹೇಳಿ, ಅದನ್ನೇ ಕುಡಿದು ಹೋಗುತ್ತಿದ್ದಳು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಎರಡು ಮನೆಗಳ ನಡುವಿನ ಗೋಡೆ ನಮ್ಮ ಮೂಗಿಗೆ ಯಾವಾಗಲೋ ಇಲ್ಲವಾಗಿತ್ತು.

"ಅಯ್ಯೋ ದೇವರೇ," ಅಂದಳು ಜಲಜಕ್ಕ. "ನಾನೂ ನಿಮ್ಮನೆಯವಳಾಗೋಗಿದ್ದೀನಿ. ಆ ಮಗು ಎದೆ ಹಿಡ್ಕೊಂಡು ಕೆಮ್ಮುವಾಗ ಬಂದು ಬಂದು ಏನಿಲ್ಲ, ಏನಿಲ್ಲ ಅಂದ್ನಲ್ಲೇ." ಅಳಲು ಶುರುಮಾಡಿದಳು. ಅಳುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ. ಅವಳ ಕೈ ಹಿಡಿದು ಎಬ್ಬಿಸಿ, ಬೀದಿಯ ಕೊನೆಯ ಮನೆಯ ಕೆಂಪರಾಜಮ್ಮನವರ ಹತ್ತಿರ ಕರೆದುಕೊಂಡು ಹೋದೆ.

ಕೆಂಪರಾಜಮ್ಮನವರು ಬೀದಿಯಲ್ಲಿ ಜಗಳವಾಡದ ಮನೆಯಿಲ್ಲ. ನನ್ನ ಮೇಲೆ ಅವರಿಗೆ ನಲ್ಲಿಯ ಸರದಿಯ ಹಳೇ ಸಿಟ್ಟಿತ್ತು. ಅದೇ ನನಗೆ ಬೇಕಾಗಿದ್ದು. ಬಂದರು, ನಡುಮನೆಯಲ್ಲಿ ನಿಂತರು, ಉಸಿರೆಳೆಯುವ ಮೊದಲೇ ಸೆರಗು ಮೂಗಿಗೆ ಹೋಯಿತು.

"ಇದೆ. ಬೇಕಾದಷ್ಟಿದೆ. ಒದ್ದೆ ಗೋಣಿಚೀಲದೊಳಗೆ ಮಲಗಿದ ಹಾಗಿದೆ ನಿಮ್ಮನೆ."

"ಎಲ್ಲಿಂದ ಬರ್ತಿದೆ, ಹೇಳ್ತೀರಾ?"

"ಅದು ನಂಗೆ ಹೇಗೆ ಗೊತ್ತಾಗುತ್ತೆ? ಇಂಗು, ಎಣ್ಣೆ, ಲಾರಿಯವರ ಬಟ್ಟೆ, ಎಲ್ಲ ಸೇರಿ ನನ್ನ ಮೂಗಿಗೆ ಸಂತೆಯಾಗಿದೆ. ಯಾವುದು ಎಲ್ಲಿರಬೇಕೋ ಅಲ್ಲಿದೆ, ಯಾವುದು ಇಲ್ಲ, ಅದು ಮನೆಯವರಿಗೇ ಗೊತ್ತು. ಮನೆಯವರಿಗೆ ವಾಸನೆ ಬರಲ್ಲ. ನಾನೇನು ಮಾಡ್ಲಿ?"

"ಕಾಫಿ ತಗೊಳ್ತೀರಾ?" ಅಂದಳು ಜಲಜಕ್ಕ ಅಭ್ಯಾಸಬಲದಿಂದ.

"ನಾನು ಯಾರ ಮನೇಲೂ ನೀರು ಮುಟ್ಟಲ್ಲ. ಅದಕ್ಕೇ ನನ್ನ ಮೂಗು ಇನ್ನೂ ನೆಟ್ಟಗಿದೆ," ಎಂದು ಕೆಂಪರಾಜಮ್ಮನವರು ಚಪ್ಪಲಿ ಮೆಟ್ಟಿಕೊಂಡರು.

ಅವರ ಮಾತು ತಲೆಯಲ್ಲಿ ಕೂತಿತು. ಮನೆ ಗೊತ್ತಿರಬೇಕು, ವಾಸನೆಯೂ ಬರಬೇಕು. ಅಂಥವಳೊಬ್ಬಳು ಬೇಕೆಂದರೆ ನಾನೇ ನನ್ನ ಮನೆಗೆ ಹೊರಗಿನವಳಾಗಬೇಕು. ಮರುದಿನವೇ ಇಳಾಳ ಬಟ್ಟೆಬರೆ ಕಟ್ಟಿಕೊಂಡು ಕ್ಯಾಂಟೀನಿನ ಹಿಂದಿನ ಕೋಣೆಗೆ ಹೋದೆ. ಅಲ್ಲಿ ದೊಡ್ಡ ದೊಡ್ಡ ಪಾತ್ರೆಗಳ ಮಧ್ಯೆ ಚಾಪೆ ಹಾಸಿ ಮಲಗಿದೆವು. ವಾರ ಕಳೆಯುವುದರೊಳಗೆ ಇಳಾ ಒಂದು ದಿಂಬು ಬಿಟ್ಟಳು, ಆಮೇಲೆ ಇನ್ನೊಂದು. ಅವಳ ಎದೆಗೆ ಕಿವಿಯಿಟ್ಟು ಕೇಳಿದೆ. ಗೊರಗೊರ ಇಳಿದಿತ್ತು. ಬೂಷ್ಟು ಇದ್ದದ್ದು ಮನೆಯಲ್ಲೇ. ಅದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ.

ಆದರೆ ನನ್ನ ಮೂಗು ತೆರೆಯಲಿಲ್ಲ. ದಿನಾ ಸಂಜೆ ಮನೆಗೆ ಹೋಗಿ ನೋಡುತ್ತಿದ್ದೆ. ಬಾಗಿಲು ತೆಗೆದರೆ ಏನೂ ಇಲ್ಲ. ಹೋದವಳು ಸುಮ್ಮನೆ ಬರುವುದೇ ಎಂದು ಕಸ ಗುಡಿಸುತ್ತಿದ್ದೆ, ದೀಪ ಹಚ್ಚುತ್ತಿದ್ದೆ, ತುಳಸಿಗೆ ನೀರು ಹಾಕುತ್ತಿದ್ದೆ. ಒಂದು ದಿನ ಜಲಜಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು.

"ಹೀಗೆ ಯಜಮಾನಿ ಥರ ಬಂದು ಪೊರಕೆ ಹಿಡಿದ್ರೆ ಇನ್ನು ನೂರು ವರ್ಷ ಆದ್ರೂ ಬರಲ್ಲ ಕಣೆ. ಬೀಗದ ಕೈ ಕೊಡು ಇಲ್ಲಿ."

"ಯಾಕಕ್ಕ?"

"ಕೊಡು ಅಂದೆ. ಇನ್ನು ಈ ಕಡೆ ತಲೆ ಹಾಕ್ಬೇಡ. ನಾನು ಬಾ ಅಂದಾಗ ಬಾ. ಬರುವಾಗ ನೆಂಟರ ಹಾಗೆ ಬಾ."

ಕೊಟ್ಟೆ. ಕ್ಯಾಂಟೀನಿನಿಂದ ಎಲ್ಲಿಗೆ ಹೋಗುವುದಿದ್ದರೂ ನಮ್ಮ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಓಡಾಡಿದೆ. ಮನೆ ನೆನಪಾದಾಗಲೆಲ್ಲ ಬೇರೆ ಯಾರದ್ದೋ ಮನೆ ಎಂದು ಹೇಳಿಕೊಂಡೆ. ಕಷ್ಟವಾಗುತ್ತಿತ್ತು. ಇಳಾ, "ಮನೆಗೆ ಯಾವಾಗ ಹೋಗೋದು?" ಅಂದರೆ, "ಯಾವ ಮನೆ?" ಅನ್ನುತ್ತಿದ್ದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಹಾಗೆ ಆ ತಿಂಗಳು ಕಳೆಯಿತು.

ಜಲಜಕ್ಕ ಹೇಳಿಕಳಿಸಿದ ದಿನ ಇದ್ದುದರಲ್ಲಿ ಒಳ್ಳೆ ಸೀರೆ ಉಟ್ಟು, ನೆಂಟರ ಮನೆಗೆ ಹೋಗುವವಳ ಹಾಗೆ ಎರಡು ಬಾಳೆಹಣ್ಣು ಹಿಡಿದುಕೊಂಡು ಹೋದೆ. ಬಾಗಿಲು ಹಾಕಿತ್ತು. ಕಿಟಕಿಗಳನ್ನೂ ಅವಳು ಬೆಳಿಗ್ಗೆಯಿಂದ ಮುಚ್ಚಿಟ್ಟಿದ್ದಳು. ಗಾಳಿ ನಿಂತರೆ ವಾಸನೆ ನಿಲ್ಲುತ್ತದೆ ಎಂದು. ಗಂಟೆ ಒತ್ತಿದೆ. ನನ್ನ ಮನೆಯ ಗಂಟೆಯನ್ನು ನಾನು ಒತ್ತಿದ್ದು ಅದೇ ಮೊದಲು.

ಜಲಜಕ್ಕ ಬಾಗಿಲು ತೆಗೆದಳು. ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ಗುರುತಿನ ಎಳೆಯೂ ಇರಲಿಲ್ಲ.

"ಯಾರು ಬೇಕಾಗಿತ್ತು?"

ಬಾಳೆಹಣ್ಣು ಮುಂದೆ ಹಿಡಿದೆ. "ಇಲ್ಲೇ... ಈ ಕಡೆ ಬಂದಿದ್ದೆ."

"ಓ, ಬನ್ನಿ, ಬನ್ನಿ. ಚಪ್ಪಲಿ ಅಲ್ಲೇ ಬಿಡಿ. ಕೂತ್ಕೊಳ್ಳಿ. ಮನೆಯವರು ಹೊರಗೆ ಹೋಗಿದ್ದಾರೆ. ನೀರು ತರ್ಲಾ?"

ಬಾಣಂತನದಲ್ಲಿ ನನಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ ಕೈಗಳು ನನಗೆ ದೂರದಿಂದ ಲೋಟ ನೀಡಿದವು. ಕುರ್ಚಿಯ ತುದಿಯಲ್ಲಿ ಕೂತೆ. ಎದೆಯೊಳಗೆ ಏನೋ ಕಳಚಿಕೊಂಡ ಹಾಗಾಯಿತು, ಮತ್ತು ಆ ಕ್ಷಣಕ್ಕೆ ಬಂತು. ಇಂಗು, ಹರಳೆಣ್ಣೆ, ಖಾಕಿ ಅಂಗಿಯ ಡೀಸೆಲ್ಲು, ಪೆನ್ಸಿಲ್ ಕೆತ್ತಿದ ಚೂರು. ಅವುಗಳ ಅಡಿಯಲ್ಲಿ, ಹಳೇ ಪುಸ್ತಕದ್ದೋ ಕೊಳೆತ ಎಲೆಯದ್ದೋ ಅನ್ನುವಂಥ, ಗಂಟಲಿಗೆ ಹತ್ತುವ, ಒಂಚೂರು ಸಿಹಿಯಾದ ಮುಗ್ಗಲು.

ಎದ್ದೆ. ಅಡಿಗೆಮನೆಯ ಬಾಗಿಲಲ್ಲಿ ಕಡಿಮೆ. ಬಚ್ಚಲ ಹತ್ತಿರ ಇನ್ನೂ ಕಡಿಮೆ. ಇಳಾಳ ಕೋಣೆಯ ಕಡೆ ತಿರುಗಿದಾಗ ಗಾಢವಾಯಿತು. ಹೊಸ್ತಿಲ ಮೇಲೆ ಅವಳ ಒಂದು ಕಾಲುಚೀಲ ಬಿದ್ದಿತ್ತು. ಬಗ್ಗಿ ಎತ್ತಿದೆ, ಮಡಿಸಿದೆ, ಅಷ್ಟೆ. ವಾಸನೆ ದೀಪ ಆರಿಸಿದ ಹಾಗೆ ಹೋಯಿತು.

"ಯಾರದ್ದೋ ಮನೆ ಬಟ್ಟೆ ಮುಟ್ಟೋಕೆ ನಿಮಗೇನ್ರೀ ಅಧಿಕಾರ?" ಎಂದು ಜಲಜಕ್ಕ ಗದರಿದಳು. "ನಡೀರಿ ಹೊರಗೆ!"

ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತು ಉಸಿರು ತಿಳಿಮಾಡಿಕೊಂಡೆ. ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಮತ್ತೆ ಗಂಟೆ ಒತ್ತಿದೆ. ಮತ್ತೆ ಯಾರು ಬೇಕಾಗಿತ್ತು, ಮತ್ತೆ ನೀರು. ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಗೋಡೆಯ ಮೇಲೆ ಮಾವನವರ ಫೋಟೋ ಓರೆಯಾಗಿತ್ತು, ನೆಟ್ಟಗೆ ಮಾಡಲಿಲ್ಲ. ಕೋಣೆಯಲ್ಲಿ ಮಂಡಿಯೂರಿ ನೆಲಕ್ಕೆ ಮೂಗು ಹಚ್ಚಿದೆ. ಮಂಚದ ಕಾಲ ಬಳಿ ಸ್ವಲ್ಪ. ತಲೆದಿಂಬಿನ ಬದಿಗೆ ಹೆಚ್ಚು. ಅಲ್ಲಿಂದ ಗೋಡೆ.

"ಈ ಮಂಚ ಸ್ವಲ್ಪ ಸರಿಸ್ತೀರಾ?" ಅಂದೆ.

"ಭಾರಿ ನೆಂಟರು ನೀವು," ಎಂದು ಗೊಣಗುತ್ತ ಜಲಜಕ್ಕ ಎಳೆದಳು.

ಮಂಚದ ಹಿಂದೆ ಗೋಡೆಯೊಳಗೆ ಒಂದು ಹಳೇ ಗೂಡಿತ್ತು. ನಮ್ಮ ಮಾವನವರು ಯಾವ ಕಾಲದಲ್ಲೋ ಅದಕ್ಕೆ ಹಲಗೆ ಹೊಡೆದು, ಮೇಲೆ ಸುಣ್ಣ ಬಳಿದಿದ್ದರು. ನೋಡಿದರೆ ಗೋಡೆಯೇ. ಆ ಹಲಗೆಯ ಮೇಲೆ ಇಳಾ ಬಣ್ಣದ ಕಡ್ಡಿಯಿಂದ ಇಡೀ ಡಿಪೋ ಬರೆದಿದ್ದಳು. ಕೆಂಪು ಬಸ್ಸುಗಳು, ಕ್ಯಾಂಟೀನು, ಅದರ ಬಾಗಿಲಲ್ಲಿ ಸೌಟು ಹಿಡಿದು ನಿಂತ ಉದ್ದ ಜಡೆಯ ಹೆಂಗಸು. ಅದು ನಾನು. ನನ್ನ ಪಕ್ಕದಲ್ಲಿ ಲಾರಿ. ಹಲಗೆಯ ಮೂಲೆಗೆ ಮೂಗಿಟ್ಟೆ. ಅಲ್ಲೇ. ಸಂದಿನಿಂದ ನೇರ ಗಂಟಲಿಗೆ ಬಂತು.

ಅದನ್ನು ನನ್ನ ಮಗಳು ಬರೆದದ್ದು ಎಂದು ಒಂದು ಕ್ಷಣ ನೆನೆದಿದ್ದರೂ ಸಾಕಿತ್ತು, ವಾಸನೆ ಹೋಗುತ್ತಿತ್ತು, ಜಾಗ ಇದೇನಾ ಅಲ್ಲವಾ ಎಂಬ ಅನುಮಾನ ಉಳಿಯುತ್ತಿತ್ತು. ನಾನು ನೆನೆಯಲಿಲ್ಲ. ಯಾರದ್ದೋ ಮನೆ, ಯಾರದ್ದೋ ಮಗು ಎಂದು ಹಲ್ಲು ಕಚ್ಚಿ ಹೇಳಿಕೊಂಡೆ. ಮೇಲಿನಿಂದ ಕೆಳಗಿನವರೆಗೆ ಹಲಗೆಯ ಅಂಚಿಡೀ ಮೂಸಿದೆ. "ಇದನ್ನ ಕೀಳಿಸಿ," ಅಂದೆ.

"ಆ ಚಿತ್ರ..." ಅಂದಳು ಜಲಜಕ್ಕ, ಆಟ ಮರೆತು.

"ಕೀಳಿಸಿ."

ಅವಳೇ ಕಬ್ಬಿಣದ ಸಲಾಕೆ ತಂದು ಮೀಟಿದಳು. ಹಲಗೆ ಮೆತ್ತಗಿತ್ತು, ರೊಟ್ಟಿ ಮುರಿದ ಹಾಗೆ ಬಂತು. ಹಿಂಭಾಗವೆಲ್ಲ ಕಪ್ಪು ಹಸಿರು, ಬೆಕ್ಕಿನ ಮೈಯಂಥ ನಯ. ಗೂಡಿನ ಗೋಡೆ ಒದ್ದೆಯಾಗಿ ಹೊಳೆಯುತ್ತಿತ್ತು. ಜಲಜಕ್ಕ ಅದನ್ನೇ ನೋಡುತ್ತ ನಿಂತವಳು ಮೆಲ್ಲಗೆ ಅಂದಳು, "ಇದರ ಆ ಕಡೆ ನನ್ನ ಬಚ್ಚಲು ಕಣೆ."

ಅವಳ ಬಚ್ಚಲಲ್ಲಿ ಹಂಡೆಯ ಹಿಂದೆ, ಗೋಡೆಯೊಳಗಿನ ಪೈಪು ತೊಟ್ಟಿಕ್ಕುತ್ತಿತ್ತು. ಅವಳ ಕಡೆಯೂ ಗಾರೆಯ ಹಿಂದೆ ಅಷ್ಟೇ ಕಪ್ಪು. ಪೈಪು ಬದಲಾಯಿಸಿದರು, ಎರಡೂ ಕಡೆ ಗಾರೆ ಕೆತ್ತಿ ತೆಗೆದರು, ಹಲಗೆ ಸುಟ್ಟರು. ಗೋಡೆ ಒಣಗುವವರೆಗೆ ಹೊಸ ಗಾರೆ ಹಾಕಲು ನಾನು ಬಿಡಲಿಲ್ಲ. ಮೇಸ್ತ್ರಿ ಬಂದಾಗಲೆಲ್ಲ, "ಇನ್ನೂ ಬರ್ತಿದೆ, ತಡೀರಿ," ಅಂದೆ. ಬರುವುದು ನಿಂತ ಮೇಲೆ ಸುಣ್ಣ ಹೊಡೆಸಿ, ಇಳಾಳನ್ನು ಮನೆಗೆ ಕರೆತಂದೆ. ಬೀದಿಯವರು ಸೇರಿ ಎರಡೂ ಮನೆಗೆ ಕೆಂಪರಾಜಮ್ಮನವರನ್ನೇ ಮೂಗು ಮಾಡಿದರು. ಅಮಾವಾಸ್ಯೆಯ ದಿನ ಅವರು ಬಂದು, ನಿಂತು, ಉಸಿರೆಳೆದು, ಏನೂ ಸಿಗದ ಸಿಟ್ಟಿಗೆ "ಇಂಗು ಜಾಸ್ತಿ ಹಾಕ್ತೀಯ" ಎಂದು ಹೇಳಿ ಹೋದರು. ಕಾಫಿ ಎನ್ನುವ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರನ್ನು ಹೀಗೇ ಇಟ್ಟುಕೊಳ್ಳಬೇಕು.

ಇಳಾ ಬರೀ ಒಂದು ದಿಂಬಿನ ಮೇಲೆ ಕಾಲು ಚಾಚಿ ಮಲಗಿದಳು. ಎದೆಗೆ ಕಿವಿಯಿಟ್ಟರೆ ಉಸಿರು ಹೋಗುತ್ತ ಬರುತ್ತ ಇತ್ತು, ಬೇರೆ ಸದ್ದಿಲ್ಲ. ಶಾಲೆಯಲ್ಲಿ ಮುಂದಿನ ಬೆಂಚು ಸಿಕ್ಕಿತು. ಹಲಗೆ ಇದ್ದ ಜಾಗ ನೋಡಿ ಮೊದಲು ಮುಖ ಊದಿಸಿದಳು, ಆಮೇಲೆ ಹೊಸ ಸುಣ್ಣದ ಮೇಲೆ ಬಸ್ಸು ಬರೆಯಲು ಕೂತಳು.

ನನ್ನ ಮೂಗು ಮಾತ್ರ ಮುಚ್ಚಲಿಲ್ಲ. ಹೊರಗೆ ನಿಲ್ಲಲು ಎಷ್ಟು ಬಲ ಹಾಕಿದ್ದೆನೋ ಅಷ್ಟು ಗಟ್ಟಿಯಾಗಿ ಹೊರಗೇ ನಿಂತುಬಿಟ್ಟಿದ್ದೆ. ದಿನಾ ಗುಡಿಸಿದೆ, ಬೇಯಿಸಿದೆ, ಬಟ್ಟೆ ಮಡಿಸಿದೆ. ಬಾಗಿಲು ತೆಗೆದರೆ ಇಂಗು, ಹರಳೆಣ್ಣೆ, ಡೀಸೆಲ್ಲು ಎದ್ದು ಬಂದು, ಯಾರು ಬೇಕಾಗಿತ್ತು ಎಂದು ಕೇಳಿದ ಹಾಗಾಗುತ್ತಿತ್ತು. ನನ್ನ ಹಾಸಿಗೆಯಲ್ಲಿ ನೆಂಟರ ಹಾಗೆ ಅಂಚಿಗೆ ಮಲಗಿದೆ. ಇಳಾ ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತ ಕೇಳಿದಳು, "ನಮ್ಮನೆ ಯಾವ ವಾಸನೆ ಅಮ್ಮ? ನಿಂಗೊಬ್ಳಿಗೇ ಗೊತ್ತಂತೆ."

ಹೇಳಿದೆ. ಒಂದೊಂದಾಗಿ, ಅವಳ ಪೆನ್ಸಿಲ್ ಚೂರಿನವರೆಗೆ.

"ಚೆನ್ನಾಗಿದೆಯಾ?"

"ಚೆನ್ನಾಗಿದೆ. ಆದ್ರೆ ಗೊತ್ತಾಗದೆ ಇದ್ರೆ ಇನ್ನೂ ಚೆನ್ನಾಗಿರುತ್ತೆ."

ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಕ್ಯಾಂಟೀನಿನಲ್ಲಿ ಮದುವೆ ಬಸ್ಸುಗಳ ಗಲಾಟೆಯ ಕಾಲ. ಬಂದು ಬಿದ್ದುಕೊಂಡರೆ ಸಾಕು ಅನ್ನಿಸುತ್ತಿತ್ತು. ಅವತ್ತು ಒಲೆಯ ಮೇಲೆ ಹಾಲಿಟ್ಟು, ಇಳಾಳಿಗೆ ಮಗ್ಗಿ ಹೇಳಿಕೊಡುತ್ತ ನಡುಮನೆಯಲ್ಲಿ ಕೂತಿದ್ದೆ. ಅವಳು ಏಳರ ಮಗ್ಗಿಯಲ್ಲಿ ಸಿಕ್ಕಿಕೊಂಡಿದ್ದಳು. ಆಗ ಬೀದಿಯಿಂದ ಕೆಂಪರಾಜಮ್ಮನವರ ದನಿ.

"ಏನಮ್ಮ ಪ್ರಭಾಮಣಿ! ಮನೇಲಿ ಇದ್ದೀಯೋ ಸತ್ತಿದ್ದೀಯೋ? ಹಾಲು ಸೀದೋಯ್ತು, ಬೀದಿಯೆಲ್ಲ ನಾರ್ತಿದೆ!"

ಓಡಿದೆ. ಹಾಲು ಬತ್ತಿ, ತಳ ಕರ್ರಗೆ ಹೊತ್ತಿ, ಹೊಗೆ ಏಳುತ್ತಿತ್ತು. ಒಲೆ ಆರಿಸಿದೆ. ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದೆ. ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ವಾಸನೆ ಬರಲಿಲ್ಲ. ಇನ್ನೊಮ್ಮೆ ಎಳೆದೆ. ಏನೂ ಇಲ್ಲ.

"ಅಕ್ಕಾ!" ಎಂದು ಕೂಗಿದೆ. ಗೋಡೆಯ ಆ ಕಡೆಯಿಂದ ಪಾತ್ರೆ ಇಟ್ಟ ಸದ್ದು. ಜಲಜಕ್ಕ ಒದ್ದೆ ಕೈಯಲ್ಲೇ ಬಂದಳು. ಸೀದ ಪಾತ್ರೆ ನೋಡಿದಳು, ನನ್ನ ಮುಖ ನೋಡಿದಳು, ಗಾಳಿಯಲ್ಲಿ ಮೂಗು ಎತ್ತಿ ತಾನೂ ಒಂದು ಸಲ ಎಳೆದು ನೋಡಿದಳು.

"ನಂಗೂ ಏನೂ ಬರ್ತಿಲ್ಲ," ಅಂದಳು. "ಸಕ್ಕರೆ ಎಲ್ಲಿಟ್ಟಿದ್ದೀಯೆ? ಪಾಯಸಕ್ಕಿಡ್ತೀನಿ."

"ಹಾಲೆಲ್ಲ ಸೀದಿದೆಯಲ್ಲ ಅಕ್ಕ."

"ಆ ಕಡೆ ಅಡಿಗೆಮನೇಲಿ ಇದೆ," ಅಂದಳು ಜಲಜಕ್ಕ, "ಹೋಗಿ ತಗೊಂಡ್ಬಾ."